ಮಸ್ಕಿಯ ಬಂಡೆಯಿಂದ ಮುದಗಲ್ ಕೋಟೆಯವರೆಗೆ: ಸಾಮ್ರಾಜ್ಯಗಳನ್ನು ಓದುವ ಬಗೆ

1915ರ ಜನವರಿಯಲ್ಲಿ ನಿಜಾಂ ಸಂಸ್ಥಾನದ ಗಣಿ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ದುರ್ಗದ ಗುಡ್ಡದಲ್ಲಿ ಬ್ರಾಹ್ಮಿ ಅಕ್ಷರದ ಒಂದು ಬರಹ ಕಂಡರು. ಅವರು ಈ ಸೀಮೆಗೆ ಬಂದದ್ದು ಚಿನ್ನದ ಕೆಲಸಕ್ಕೆ. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಶಾಸನವನ್ನು ಓದಿ ಪ್ರಕಟಿಸಿದರು. ಅದರ ಆರಂಭದಲ್ಲೇ 'ದೇವಾನಾಂಪ್ರಿಯ' ಎಂಬ ಬಿರುದಿನ ಪಕ್ಕ 'ಅಶೋಕ' ಎಂಬ ಹೆಸರಿತ್ತು.

ಇದರ ಮಹತ್ವ ತಿಳಿಯಲು 1837ಕ್ಕೆ ಹೋಗಬೇಕು. ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದಿದಾಗ ಸಿಕ್ಕಿದ್ದು 'ದೇವಾನಾಂಪ್ರಿಯ ಪ್ರಿಯದರ್ಶಿ' ಎಂಬ ದೊರೆ. ಆತ ಯಾರು? ಲಂಕೆಯ ತಿಸ್ಸನಿಗೂ ಅದೇ ಬಿರುದಿದ್ದುದರಿಂದ ಪ್ರಿನ್ಸೆಪ್ ಮೊದಲು ಅವನೇ ಇರಬೇಕೆಂದುಕೊಂಡರು. ಲಂಕೆಯ ಪಾಲಿ ಗ್ರಂಥಗಳ ನೆರವಿನಿಂದ ಜಾರ್ಜ್ ಟರ್ನರ್ ಆತ ಮೌರ್ಯ ಅಶೋಕ ಎಂದು ತೋರಿಸಿದರು. ಆದರೆ ಅಶೋಕನ ಸ್ವಂತ ಶಾಸನವೇ ಅದನ್ನು ದೃಢಪಡಿಸಿದ್ದು ಮಸ್ಕಿಯಲ್ಲಿ.

ತನ್ನ ಭಾಷೆಯನ್ನಾಡದ, ತನ್ನ ಆಚಾರ ಪಾಲಿಸದ ಜನರನ್ನು ದೊರೆಯೊಬ್ಬ ಯಾವ ಅಧಿಕಾರದಿಂದ, ಯಾವ ಉಪಾಯದಿಂದ ಆಳುತ್ತಾನೆ ಎಂಬ ಪ್ರಶ್ನೆಗೆ ಮಸ್ಕಿ ಇರುವ, ಕೃಷ್ಣಾ–ತುಂಗಭದ್ರೆಯರ ನಡುವಿನ ದೋಆಬ್‌ನಷ್ಟು ಸಾಕ್ಷ್ಯ ಕೊಡುವ ನೆಲ ವಿರಳ. ವಿದ್ವಾಂಸರು ಮೊದಲು ದೊರೆಯ ಮಾತನ್ನು ಓದಿದರು, ಆಮೇಲೆ ಅಧಿಕಾರಿಗಳ ವ್ಯವಸ್ಥೆಯನ್ನು. ಆಳಿಸಿಕೊಂಡ ಜನರನ್ನು ಓದುವ ಕೆಲಸ ಶುರುವಾದದ್ದು ತೀರ ತಡವಾಗಿ. ಮುಂದಿನ ದಾರಿ ಇರುವುದು ಅಲ್ಲೇ ಎಂಬುದು ನನ್ನ ನಂಬಿಕೆ.

ಮಸ್ಕಿಯ ಶಾಸನದಲ್ಲಿ ಅಶೋಕ ತನ್ನ ವಂಶವನ್ನು ಕೊಂಡಾಡುವುದಿಲ್ಲ, ಗೆದ್ದ ಯುದ್ಧಗಳನ್ನು ಪಟ್ಟಿ ಮಾಡುವುದಿಲ್ಲ. ತಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷ ದಾಟಿದೆ ಎನ್ನುತ್ತಾನೆ. ಧರ್ಮದಲ್ಲಿ ನಿಷ್ಠೆಯಿದ್ದರೆ ಸಣ್ಣವನೂ ಉನ್ನತಿಗೇರಬಲ್ಲ, ಅದು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಇದನ್ನು ಇಬ್ಬರಿಗೂ ಹೇಳಬೇಕು ಎನ್ನುತ್ತಾನೆ. ರೋಮಿಲಾ ಥಾಪರ್ 1961ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ 'ಧಮ್ಮ'ವನ್ನು ಬರೀ ಬೌದ್ಧಮತ ಪ್ರಚಾರವೆಂದು ನೋಡಲಿಲ್ಲ. ಹಲವು ಮತ, ಹಲವು ಜನಗಳ ರಾಜ್ಯವನ್ನು ಒಂದು ನೀತಿಯಡಿ ಹಿಡಿದಿಡುವ ರಾಜಕೀಯ ಯತ್ನವೆಂದು ವಿವರಿಸಿದರು. ನಮ್ಮದೇ ಸನ್ನತಿಯಲ್ಲಿ 1980ರ ದಶಕದಲ್ಲಿ ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನಗಳು ಸಿಕ್ಕವು. ಅವುಗಳಲ್ಲಿ ಎಲ್ಲ ಪಂಥಗಳನ್ನೂ ಗೌರವಿಸಬೇಕೆನ್ನುವ ಹನ್ನೆರಡನೆಯ ಶಾಸನವೂ ಇದೆ, ಪ್ರಜೆಗಳೆಲ್ಲ ನನ್ನ ಮಕ್ಕಳೆನ್ನುವ ಪ್ರತ್ಯೇಕ ಶಾಸನವೂ ಇದೆ.

ಆ ಮಾತು ಜನರ ಕಿವಿಗೆ ಮುಟ್ಟುತ್ತಿದ್ದದ್ದು ಹೇಗೆ? ಉತ್ತರ ಕೊಡುವವು ಸುತ್ತಲ ಶಾಸನಗಳು. ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಬ್ರಹ್ಮಗಿರಿ ಶಾಸನದ ಪ್ರಕಾರ, ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳು ಇಸಿಲವೆಂಬ ಊರಿನ ಮಹಾಮಾತ್ರರಿಗೆ ಆಜ್ಞೆ ಕಳಿಸುತ್ತಾರೆ. ಕ್ಷೇಮಸಮಾಚಾರ ಕೇಳಿದ ಮೇಲೆಯೇ ವಿಷಯಕ್ಕೆ ಬರುತ್ತಾರೆ. ಲಿಪಿಕಾರ ಚಪಡ ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ಕಸುಬನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ. ಅಂದರೆ ವಾಯವ್ಯದ ಬರವಣಿಗೆ ಕಲಿತ ಗುಮಾಸ್ತನೊಬ್ಬ ಕನ್ನಡ ನೆಲದಲ್ಲಿ ರಾಜಾಜ್ಞೆ ಕೆತ್ತಿಸುತ್ತಿದ್ದ. ಗಡಿಯಾಚೆ ಆಂಧ್ರದ ಎರ್ರಗುಡಿ ಶಾಸನ ಇನ್ನೂ ಬಿಡಿಸಿ ಹೇಳುತ್ತದೆ: ಮಹಾಮಾತ್ರರು ರಜ್ಜುಕನೆಂಬ ನಾಡಿನ ಅಧಿಕಾರಿಗೆ ಹೇಳಬೇಕು, ಅವನು ಭೇರಿ ಹೊಡೆಸಿ ಜನರನ್ನು ಸೇರಿಸಿ ತಿಳಿಸಬೇಕು. ಆನೆ ಸವಾರರು, ಕರಣಿಕರು, ಬ್ರಾಹ್ಮಣರೂ ತಮ್ಮ ಶಿಷ್ಯರಿಗೆ ಕಲಿಸಬೇಕು. ಶಾಸನಗಳ ಭಾಷೆಯಾದ ಪ್ರಾಕೃತ ಬಾರದ ಊರಿನಲ್ಲಿ ಸಾಮ್ರಾಜ್ಯ ನಿಂತದ್ದು ಕಲ್ಲಿನಷ್ಟೇ ಈ ಬಾಯಿಗಳ ಮೇಲೂ.

ಸುವರ್ಣಗಿರಿ ಎಲ್ಲಿತ್ತೆಂಬ ಚರ್ಚೆ ಮಸ್ಕಿ, ಕನಕಗಿರಿ, ಜೊನ್ನಗಿರಿಗಳ ಸುತ್ತ ನಡೆದಿದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪ್ರಾಚೀನರು ತೋಡಿದ ಆಳವಾದ ಗಣಿಗಳಿವೆ, ಅಲ್ಲಿ ಇಂದಿಗೂ ಚಿನ್ನ ತೆಗೆಯಲಾಗುತ್ತಿದೆ. ಇಂಥ ಸಂಗತಿಗಳನ್ನು ಎದುರಿಗಿಟ್ಟುಕೊಂಡೇ 1980ರ ದಶಕದಲ್ಲಿ ಹಳೆಯ ಚಿತ್ರ ಬದಲಾಯಿತು. ಪಾಟಲಿಪುತ್ರದಿಂದ ಎಲ್ಲೆಡೆ ಒಂದೇ ಆಡಳಿತವಿತ್ತೆಂಬ ಊಹೆಯನ್ನು ಥಾಪರ್ ತಾವೇ ಪರಿಷ್ಕರಿಸಿದರು. ಮಗಧ ಕೇಂದ್ರ, ಕೆಲವು ಸೀಮೆಗಳು ತಿರುಳು, ಕರ್ನಾಟಕದಂಥವು ಸಂಪತ್ತಿಗಾಗಿ ಹಿಡಿದ ಅಂಚು ಎಂದರು. ಜೆರಾರ್ಡ್ ಫುಸ್ಮನ್ ಕೂಡ ಪ್ರಾಂತಗಳಿಗೆ ಬಹಳಷ್ಟು ಸ್ವಾತಂತ್ರ್ಯವಿತ್ತೆಂದು ವಾದಿಸಿದರು. ಸಾಮ್ರಾಜ್ಯವನ್ನು ನಕಾಶೆಯಲ್ಲಿ ಒಂದೇ ಬಣ್ಣ ಬಳಿದು ತೋರಿಸುವ ಬದಲು ಊರು–ದಾರಿಗಳ ಜಾಲವಾಗಿ ನೋಡಬೇಕೆಂದು 2005ರಲ್ಲಿ ಮೋನಿಕಾ ಸ್ಮಿತ್ ಹೇಳಿದರು.

ಇಷ್ಟಾದರೂ 'ಅಂಚು' ಎಂಬುದು ಕೇಂದ್ರದಲ್ಲಿ ನಿಂತವರ ಮಾತೇ. ಅಂಚಿನಲ್ಲಿದ್ದವರ ಬದುಕು ಸಿಗುವುದು ಮಣ್ಣಿನಲ್ಲಿ. 1954ರಲ್ಲಿ ಪುರಾತತ್ವಜ್ಞ ಬಿ.ಕೆ. ಥಾಪರ್ ಮಸ್ಕಿಯಲ್ಲಿ ಉತ್ಖನನ ನಡೆಸಿ ನವಶಿಲಾ–ತಾಮ್ರಶಿಲಾಯುಗ, ಬೃಹತ್ ಶಿಲಾಯುಗ, ಆದಿ ಇತಿಹಾಸ ಕಾಲ, ಮಧ್ಯಯುಗ ಎಂಬ ನಾಲ್ಕು ಹಂತಗಳನ್ನು ಗುರುತಿಸಿದರು. 2010ರ ನಂತರ ಆಂಡ್ರ್ಯೂ ಬವರ್, ಪೀಟರ್ ಜೊಹಾನ್ಸನ್ ಮತ್ತು ಸಂಗಡಿಗರು ಮಸ್ಕಿಯ ಸುತ್ತಲಿನ ಗುಡ್ಡ, ಹೊಲಗಳನ್ನು ಕಾಲ್ನಡಿಗೆಯಲ್ಲಿ ಶೋಧಿಸಿ ಹಳೆಯ ವಸತಿ ನೆಲೆಗಳನ್ನೂ ಲೋಹದ ಕೆಲಸದ ಕುರುಹುಗಳನ್ನೂ ದಾಖಲಿಸಿದ್ದಾರೆ. ಅಶೋಕನ ಆಜ್ಞೆ ಬಂದದ್ದು ಖಾಲಿ ನೆಲಕ್ಕಲ್ಲ. ದನ ಸಾಕಿ, ಬೆಳೆ ಬೆಳೆದು, ಕಬ್ಬಿಣ ಕಾಯಿಸಿ, ಸತ್ತವರಿಗೆ ದೊಡ್ಡ ಕಲ್ಲು ನಿಲ್ಲಿಸಿ ಬಾಳಿದವರ ಊರಿಗೆ ಅದು ಬಂತು.

ಮಧ್ಯಯುಗದ ಅಧ್ಯಯನವೂ ಇಂಥದೇ ತಿರುವು ಕಂಡಿದೆ. 1900ರಲ್ಲಿ ರಾಬರ್ಟ್ ಸೆವೆಲ್ ವಿಜಯನಗರವನ್ನು ಮುಸ್ಲಿಂ ದಾಳಿಗೆ ಎದುರಾಗಿ ನಿಂತ ಹಿಂದೂ ಕೋಟೆಯಾಗಿ ಚಿತ್ರಿಸಿದರು. ದೋಆಬ್‌ಗಾಗಿ, ಮುದಗಲ್–ರಾಯಚೂರು ಕೋಟೆಗಳಿಗಾಗಿ ನಡೆದ ಕಾದಾಟ, 1520ರಲ್ಲಿ ಇಸ್ಮಾಯಿಲ್ ಆದಿಲ್ ಶಾಹನ ಮೇಲೆ ಕೃಷ್ಣದೇವರಾಯ ಪಡೆದ ಗೆಲುವು ಎಲ್ಲವೂ ಆ ಚೌಕಟ್ಟಿನಲ್ಲೇ ಕೂತವು. ಆದರೆ ವಿಜಯನಗರದ ಅರಸರೇ 'ಹಿಂದೂರಾಯ ಸುರತ್ರಾಣ' ಎಂಬ ಬಿರುದು ಹೊತ್ತಿದ್ದರು. ಅದನ್ನೂ ಆಸ್ಥಾನದ ಉಡುಗೆ ತೊಡುಗೆಯನ್ನೂ ಆಧರಿಸಿ ಫಿಲಿಪ್ ವ್ಯಾಗನರ್ 1996ರಲ್ಲಿ ಎರಡೂ ಕಡೆಯ ರಾಜಸಂಸ್ಕೃತಿ ಎಷ್ಟು ಬೆರೆತಿತ್ತೆಂದು ತೋರಿಸಿದರು. 1368ರಲ್ಲಿ ಬುಕ್ಕರಾಯ ಜೈನ–ಶ್ರೀವೈಷ್ಣವರ ಜಗಳ ತೀರಿಸಿದ್ದಕ್ಕೆ ಶ್ರವಣಬೆಳಗೊಳದ ಶಾಸನ ಸಾಕ್ಷಿ. ಇಮ್ಮಡಿ ದೇವರಾಯ ಸೈನ್ಯಕ್ಕೆ ಮುಸ್ಲಿಮರನ್ನು ಸೇರಿಸಿಕೊಂಡನೆಂದೂ, ಬಿಜಾಪುರದ ಮೊದಲ ಇಬ್ರಾಹಿಂ ಲೆಕ್ಕಪತ್ರವನ್ನು ಪಾರಸಿಯಿಂದ ದೇಶಭಾಷೆಗೆ ತಂದನೆಂದೂ ಪಾರಸಿ ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಆಳುವವರ ಮತ ಯಾವುದಾದರೂ, ತೆರಿಗೆ ಎತ್ತಲು ಊರಿನ ಮಾತು ಬೇಕು, ಊರಿನ ಜನ ಬೇಕು.

ಈ ದೋಆಬ್ 1853ರಲ್ಲಿ ಬ್ರಿಟಿಷರ ಕೈಗೆ ಹೋಗಿ 1860ರಲ್ಲಿ ನಿಜಾಮನಿಗೆ ಮರಳಿತು, 1948ರಲ್ಲಿ ಹೈದರಾಬಾದ್ ಜೊತೆ ಭಾರತದ ಒಕ್ಕೂಟ ಸೇರಿತು. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರಿನ ವಲಸಿಗರ ಕ್ಯಾಂಪುಗಳಲ್ಲಿ ಕನ್ನಡದ ಜೊತೆ ತೆಲುಗೂ ಬಂಗಾಳಿಯೂ ನೆಲೆಯೂರಿವೆ. ಬಗೆಬಗೆಯ ಜನ ಒಂದೇ ಆಡಳಿತದಡಿ ಬಾಳುವ ಪ್ರಶ್ನೆ ಇಲ್ಲಿ ಯಾವತ್ತೂ ಹಳತಾಗಿಲ್ಲ.

ಆದ್ದರಿಂದ ಶಾಸನ ತಜ್ಞರು, ಉತ್ಖನನಕಾರರು, ಮೋಡಿ–ಪಾರಸಿ ಕಾಗದ ಓದಬಲ್ಲವರು ಒಟ್ಟಿಗೆ ಕೂತು ಈ ಸೀಮೆಯನ್ನು ಓದಬೇಕು. ಮಸ್ಕಿಯಲ್ಲಿ ಶಾಸನದ ಬಂಡೆಗೆ ರಕ್ಷಣೆಯಿದ್ದರೆ ಸಾಲದು, ಸುತ್ತಲಿನ ಗುಡ್ಡಗಳಿಗೂ ಹಳೇ ಊರ ದಿಬ್ಬಗಳಿಗೂ ಅದು ಸಿಗಬೇಕು. ದೊರೆ ಹೇಳಿದ್ದನ್ನು ಕಲ್ಲು ಉಳಿಸಿಕೊಂಡಿದೆ, ಅದನ್ನು ಕೇಳಿಸಿಕೊಂಡವರ ಬದುಕು ಆ ದಿಬ್ಬಗಳಲ್ಲಿದೆ. ಅವನ್ನು ಕಳೆದುಕೊಂಡರೆ ಸಾಮ್ರಾಜ್ಯದ ಬಗ್ಗೆ ನಮಗೆ ಗೊತ್ತಾಗುವುದು ಆಳಿದವರ ಕಡೆಯ ಮಾತು ಮಾತ್ರ.