ಬಣ್ಣಗೆಟ್ಟ ಕಲ್ಲುಗಳ ಕುಲಮೂಲ

ನಮ್ಮ ಕಣ್ಣೆದುರೇ ಆಗಸದಿಂದ ಬೀಳುವ ಉಲ್ಕಾಶಿಲೆಗಳಲ್ಲಿ ನೂರಕ್ಕೆ ಸುಮಾರು 80 ಒಂದೇ ಜಾತಿಯವು. ಸಾಧಾರಣ ಕಾಂಡ್ರೈಟ್ ಎಂದು ಅವುಗಳ ಹೆಸರು. ಇವು ಮಂಗಳ ಮತ್ತು ಗುರು ಗ್ರಹಗಳ ನಡುವಿನ ಕ್ಷುದ್ರಗ್ರಹಗಳ ಚೂರುಗಳಾಗಿದ್ದರೆ, ಅಲ್ಲಿ ಅದೇ ಬಣ್ಣದ ತಾಯಿಕಾಯಗಳು ಹೇರಳವಾಗಿ ಕಾಣಬೇಕಿತ್ತು. ಆದರೆ 1970ರ ದಶಕದಲ್ಲಿ ದೂರದರ್ಶಕಗಳು ಅಳೆದ ಬೆಳಕು ಬೇರೆಯದನ್ನೇ ಹೇಳಿತು. ಆ ಪಟ್ಟಿಯ ಒಳಭಾಗದಲ್ಲಿ ತುಂಬಿರುವ ‘ಎಸ್’ ವರ್ಗದ ಕ್ಷುದ್ರಗ್ರಹಗಳು ನಮ್ಮ ಕೈಯಲ್ಲಿದ್ದ ಕಲ್ಲುಗಳಿಗಿಂತ ಕೆಂಪಾಗಿದ್ದವು. ಇವೆರಡಕ್ಕೂ ನಂಟೇ ಇಲ್ಲವೆಂದು ಹಲವರು ವಾದಿಸಿದರು.

ಉತ್ತರದ ಸುಳಿವು ಚಂದ್ರನ ಮಣ್ಣಿನಲ್ಲಿತ್ತು. 1969ರಲ್ಲಿ ಅಪೊಲೊ 11 ತಂದ ಮಣ್ಣು, ಅಲ್ಲಿಯದೇ ಕಲ್ಲನ್ನು ಅರೆದ ಪುಡಿಗಿಂತ ಕಪ್ಪಾಗಿಯೂ ಕೆಂಪಾಗಿಯೂ ಇತ್ತು. ಉಲ್ಕೆಗಳ ಹೊಡೆತದಿಂದ ಕರಗಿ ಹುಟ್ಟಿದ ಗಾಜೇ ಇದಕ್ಕೆ ಕಾರಣವೆಂದು ಹೆಚ್ಚಿನವರು ಭಾವಿಸಿದರು. ಬ್ರೂಸ್ ಹ್ಯಾಪ್ಕೆ ಒಪ್ಪಲಿಲ್ಲ. ಸೌರಮಾರುತದ ಕಣಗಳೂ ಸೂಕ್ಷ್ಮ ಉಲ್ಕೆಗಳೂ ಎಬ್ಬಿಸಿದ ಆವಿ, ಮಣ್ಣಿನ ಕಣಗಳ ಮೇಲೆ ಮರಳಿ ಕೂರುವಾಗ ಅತಿಸಣ್ಣ ಕಬ್ಬಿಣದ ಹರಳುಗಳನ್ನು ಬಿಡುತ್ತದೆ ಎಂದರು. 1993ರಲ್ಲಿ ಕೆಲ್ಲರ್ ಮತ್ತು ಮೆಕೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅಂಥ ಲೇಪವನ್ನೇ ಕಂಡರು. ಅದೇ ವರ್ಷ ಗೆಲಿಲಿಯೋ ನೌಕೆ ಇಡಾ ಕ್ಷುದ್ರಗ್ರಹದ ಬಳಿ ಹಾದುಹೋಯಿತು. ಅದು ತೆಗೆದ ಚಿತ್ರಗಳಲ್ಲಿ ಹೊಸ ಕುಳಿಗಳ ಕೆಂಪು, ಸುತ್ತಲಿನ ಹಳೆಯ ನೆಲದ ಕೆಂಪಿಗಿಂತ ಕಡಿಮೆಯಿತ್ತು.

ಆದರೂ ಕ್ಷುದ್ರಗ್ರಹದ ಮಣ್ಣನ್ನು ಯಾರೂ ಮುಟ್ಟಿ ನೋಡಿರಲಿಲ್ಲ. ಜಪಾನಿನ ಹಯಾಬುಸಾ 2005ರಲ್ಲಿ, ಸುಮಾರು ಅರ್ಧ ಕಿಲೋಮೀಟರ್ ಉದ್ದದ, ‘ಎಸ್’ ವರ್ಗದ ಇಟೊಕಾವಾ ಮೇಲೆ ಇಳಿಯಿತು. ಮಣ್ಣು ಎಬ್ಬಿಸಬೇಕಿದ್ದ ಗುಂಡು ಹಾರಲಿಲ್ಲ; ಬಳಿಕ ವಾರಗಟ್ಟಲೆ ನೌಕೆಯ ಸಂಪರ್ಕವೇ ಕಡಿದುಹೋಯಿತು. 2010ರ ಜೂನ್ 13ರಂದು ಅದರ ಕೋಶ ಆಸ್ಟ್ರೇಲಿಯಾದ ವೂಮೆರಾದಲ್ಲಿ ಇಳಿದಾಗ, ಒಳಗೆ ಇಳಿಯುವಾಗ ಚಿಮ್ಮಿ ಸೇರಿದ್ದ ಧೂಳಿನ ಸಾವಿರಾರು ಕಣಗಳಿಗಿಂತ ಹೆಚ್ಚೇನೂ ಇರಲಿಲ್ಲ. ಅಷ್ಟೇ ಸಾಕಾಯಿತು. 2011ರಲ್ಲಿ ಪ್ರಕಟವಾದ ಪರೀಕ್ಷೆಗಳ ಪ್ರಕಾರ ಕಣಗಳ ಒಡಲು ಸಾಧಾರಣ ಕಾಂಡ್ರೈಟಿನದೇ. ಮೇಲಿನ ಕಬ್ಬಿಣ ಬೆರೆತ ಪೊರೆ ಮಾತ್ರ ಮಿಲಿಮೀಟರಿನ ಲಕ್ಷದಲ್ಲಿ ಕೆಲವೇ ಪಾಲು ದಪ್ಪ. ಮೂರು ದಶಕಗಳ ವಾದಕ್ಕೆ ಕಾರಣವಾಗಿದ್ದುದು ಆ ಪೊರೆ.

ಹಾಗೆಂದು ಕೆಂಪೆಂದರೆ ಮುಪ್ಪು ಎಂಬ ಹೊಸ ಸೂತ್ರವನ್ನು ನಾವು ಕಟ್ಟಿಕೊಳ್ಳುವಂತಿಲ್ಲ. ಇಂಗಾಲ ಹೆಚ್ಚಿರುವ ಬೆನ್ನು ಎಂಬ ಕ್ಷುದ್ರಗ್ರಹದ ಹಳೆಯ ನೆಲ, ಒಸೈರಿಸ್-ರೆಕ್ಸ್ ನೌಕೆಯ ಕಣ್ಣಿಗೆ ನೀಲಿಯತ್ತ ತಿರುಗಿದ್ದು ಕಂಡಿತು. ಬಿಸಿಲೂ ಧೂಳೂ ಒಂದೇ ಆದರೂ, ಕಲ್ಲು ಯಾವುದು ಎಂಬುದರ ಮೇಲೆ ಬಣ್ಣ ಬದಲಾಗುವ ದಿಕ್ಕು ನಿಂತಿದೆ.