ನೀರಲ್ಲಿ ಎಷ್ಟು ಕ್ಯಾಲೊರಿ? ಒಂದು ಪೌಂಡ್ ಧಾನ್ಯದಿಂದ ಎಂಟು ಲೋಟದವರೆಗೆ

ಈ ಸಲದ ಮಾತು ಶುರುವಾಗಿದ್ದು ನಮ್ಮ ಮನೆಯಿಂದಲೇ, ಅದೂ ನನ್ನ ತಪ್ಪಿನಿಂದ. ಹಾಗಾಗಿ ಮೊದಲು ಅದನ್ನ ಹೇಳಿಬಿಡ್ತೀನಿ.

ಹೋದ ವರ್ಷ ಬೇಸಿಗೆಗೆ ಅಮ್ಮ ಹಾಸನದಿಂದ ಹೈದರಾಬಾದಿಗೆ ಬಂದಿದ್ದರು. ಎಪ್ಪತ್ತೊಂದು ವಯಸ್ಸು, ಬಿಪಿ ಮಾತ್ರೆ ನಡೀತಾ ಇದೆ. ಇಲ್ಲಿಯ ಬಿಸಿಲಿಗೆ ಹೆದರಿ ನಾನು ಅವರ ಫೋನಿಗೆ ನೀರು ಕುಡಿಯೋದನ್ನ ನೆನಪಿಸೋ ಒಂದು ಆಪ್ ಹಾಕಿಕೊಟ್ಟೆ. ದಿನಕ್ಕೆ ಎಂಟು ದೊಡ್ಡ ಲೋಟ. ಅಮ್ಮ ಮೂವತ್ತು ವರ್ಷ ಸ್ಕೂಲ್ ಟೀಚರ್ ಆಗಿದ್ದವರು, ಗಂಟೆ ಹೊಡೆದರೆ ಎದ್ದು ನಿಲ್ಲೋ ಅಭ್ಯಾಸ. ಫೋನು ಟಿಂಗ್ ಅಂದ್ರೆ ಲೋಟ ಎತ್ತೋರು. ಬಾಯಾರಿಕೆ ಇದೆಯೋ ಇಲ್ಲವೋ ಕೇಳೋ ಪ್ರಶ್ನೆಯೇ ಇಲ್ಲ. ಹೊಟ್ಟೆ ತುಂಬಿದಂತೆ ಅನಿಸಿ ಮಧ್ಯಾಹ್ನದ ಊಟ ಕಮ್ಮಿಯಾಯ್ತು. ನಾನು ಆಫೀಸಲ್ಲಿ, ನನಗೆ ಗೊತ್ತೇ ಆಗಲಿಲ್ಲ. ಎರಡು ವಾರ ತುಂಬೋ ಮೊದಲೇ ಒಂದು ಬೆಳಿಗ್ಗೆ ಮಾತು ತಡವರಿಸ್ತಾ ಇದೆ, ನನ್ನನ್ನ ನನ್ನ ಸೋದರಮಾವನ ಹೆಸರಿಂದ ಕರೀತಿದ್ದಾರೆ. ಆಸ್ಪತ್ರೆಗೆ ಓಡಿದ್ವಿ. ರಕ್ತದಲ್ಲಿ ಸೋಡಿಯಂ ಇಳಿದುಹೋಗಿತ್ತು. ಅವರ ಬಿಪಿ ಮಾತ್ರೆ ಮೂತ್ರದ ಜೊತೆ ಉಪ್ಪನ್ನೂ ಹೊರಹಾಕೋ ಜಾತಿಯದು. ಅದರ ಮೇಲೆ ಬೇಡದ ನೀರು, ಜೊತೆಗೆ ಅರೆಹೊಟ್ಟೆ ಊಟ. ಮೂರು ದಿನ ವಾರ್ಡಿನಲ್ಲಿದ್ದು ಸರಿಹೋದರು.

ಡಿಸ್ಚಾರ್ಜ್ ದಿನ ಅಮ್ಮ ಕೇಳಿದ್ದು ಇಷ್ಟೇ: "ಅಲ್ಲ ಕಣೋ, ಅಷ್ಟು ನೀರು ಕುಡಿದೆನಲ್ಲ, ಅದರಲ್ಲಿ ಶಕ್ತಿ ಏನೂ ಇಲ್ವಾ? ಎಷ್ಟು ಕ್ಯಾಲೊರಿ ಇರುತ್ತೆ ನೀರಲ್ಲಿ?"

ಸೊನ್ನೆ ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಈ ಸೊನ್ನೆಗೆ ಒಂದು ಚರಿತ್ರೆ ಇದೆ.

ಮೊದಲು ಒಂದು ತಮಾಷೆ ನೋಡಿ. ಕ್ಯಾಲೊರಿ ಅನ್ನೋ ಅಳತೆ ಹುಟ್ಟಿದ್ದೇ ನೀರಿನಿಂದ. 1820ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಪಾಠ ಹೇಳ್ತಿದ್ದ ನಿಕೊಲಾ ಕ್ಲೆಮಾಂ ಈ ಪದಕ್ಕೊಂದು ಅರ್ಥ ಕೊಟ್ಟ: ಒಂದು ಕಿಲೋ ನೀರನ್ನ ಒಂದು ಡಿಗ್ರಿ ಬಿಸಿ ಮಾಡಲು ಬೇಕಾದ ಶಾಖ. ಊಟದ ಪೊಟ್ಟಣದ ಮೇಲೆ ನಾವು ಓದೋ ಕ್ಯಾಲೊರಿ ಇದೇ. ಅಂದ್ರೆ ನೀರಲ್ಲಿ ಎಷ್ಟು ಕ್ಯಾಲೊರಿ ಅಂತ ಕೇಳೋದು, ಸೇರಿನಿಂದ ಅಕ್ಕಿ ಅಳೆಯೋ ಹೊತ್ತಲ್ಲಿ ಸೇರು ಎಷ್ಟು ಸೇರು ಇದೆ ಅಂತ ಕೇಳಿದ ಹಾಗೆ.

ಹಾಗಾದ್ರೆ ಯಾಕೆ ಸೊನ್ನೆ? ಇದಕ್ಕೆ ಇನ್ನೂ ನಲವತ್ತು ವರ್ಷ ಹಿಂದೆ ಹೋಗಬೇಕು. 1782-83ರ ಚಳಿಗಾಲದಲ್ಲಿ ಲಾವೊಸಿಯೆ ಮತ್ತು ಲಾಪ್ಲಾಸ್ ಒಂದು ಗಿನಿಪಿಗ್ಗನ್ನ ಸುತ್ತ ಮಂಜುಗಡ್ಡೆ ತುಂಬಿದ ಪಾತ್ರೆಯೊಳಗೆ ಕೂರಿಸಿ, ಅದರ ಮೈಶಾಖಕ್ಕೆ ಎಷ್ಟು ಮಂಜು ಕರಗಿ ನೀರಾಯ್ತು ಅಂತ ತೂಗಿದರು. ಅದೇ ಪ್ರಾಣಿ ಬಿಟ್ಟ ಗಾಳಿಯನ್ನೂ ಅಳೆದು, ಇದ್ದಿಲು ಉರಿಸಿದಾಗ ಬರೋ ಶಾಖದ ಜೊತೆ ಹೋಲಿಸಿದರು. ಉಸಿರಾಟ ಅನ್ನೋದು ನಿಧಾನಕ್ಕೆ ನಡೆಯೋ ಉರಿ ಅನ್ನೋ ತೀರ್ಮಾನ ಅಲ್ಲಿಂದ ಬಂತು. ಅದೇ 1783ರಲ್ಲಿ ಲಾವೊಸಿಯೆ, ನೀರು ಮೂಲವಸ್ತು ಅಲ್ಲ, ಎರಡು ಅನಿಲಗಳು ಸೇರಿ ಆದದ್ದು ಅಂತಲೂ ತೋರಿಸಿದ. ಒಂದು ಅನಿಲಕ್ಕೆ ಅವನ ಬಳಗ ಇಟ್ಟ ಹೆಸರಿನ ಅರ್ಥ 'ನೀರು ಹುಟ್ಟಿಸೋದು'. ನಾವು ಹೈಸ್ಕೂಲಲ್ಲಿ ಬಾಯಿಪಾಠ ಮಾಡಿದ 'ಜಲಜನಕ' ಅದೇ ಹೆಸರಿನ ಕನ್ನಡ ರೂಪ. ಇಂಗ್ಲಿಷ್ ಮೀಡಿಯಂನವರಿಗೆ ಈ ಸುಖ ಇಲ್ಲ ಬಿಡಿ, ನಮಗೆ ಉತ್ತರ ಹೆಸರಲ್ಲೇ ಇದೆ. ಜಲಜನಕ ಉರಿದರೆ ಆಗೋದೇ ಜಲ. ನೀರು ಅಂದ್ರೆ ಆಗಲೇ ಉರಿದು ಮುಗಿದದ್ದು. ಒಲೆಯ ಬೂದಿಗೆ ಮತ್ತೆ ಬೆಂಕಿ ಹಚ್ಚೋಕಾಗುತ್ತಾ?

ಇನ್ನು ನಮ್ಮ ಕೆಫೆಟೇರಿಯಾ ವಿಜ್ಞಾನಿಗಳ ಮಾತು: ತಣ್ಣೀರು ಕುಡಿದರೆ ಮೈ ಅದನ್ನ ಬಿಸಿ ಮಾಡಬೇಕು, ಆದ್ದರಿಂದ ತೂಕ ಇಳಿಯುತ್ತೆ. ಲೆಕ್ಕ ಹಾಕೋಣ. ಫ್ರಿಜ್ಜಿನ ಏಳು ಡಿಗ್ರಿಯ ಒಂದು ಲೀಟರ್ ನೀರು ಮೈಯೊಳಗೆ ಮೂವತ್ತೇಳು ಡಿಗ್ರಿಗೆ ಏರಬೇಕು. ಮೂವತ್ತು ಕ್ಯಾಲೊರಿ. ಹೆಚ್ಚುಕಮ್ಮಿ ಒಂದು ಮಾರಿ ಬಿಸ್ಕತ್ತು. ಬಿಸಿನೀರಿನವರದ್ದು ಇನ್ನೊಂದು ಪಂಥ: ತುಪ್ಪದ ಪಾತ್ರೆಯ ಜಿಡ್ಡು ಬಿಸಿನೀರಿಗೆ ಬಿಡುತ್ತಲ್ಲ, ಹಾಗೇ ಹೊಟ್ಟೆಯ ಕೊಬ್ಬೂ ಅಂತ. ಹೊಟ್ಟೆಯ ಕೊಬ್ಬು ಪಾತ್ರೆಯ ಒಳಗಡೆ ಅಂಟಿಕೊಂಡಿಲ್ಲ ಸ್ವಾಮಿ.

ಇಷ್ಟು ಹೊತ್ತು ನಗೋ ವಿಷಯ. ಆಹಾರದ ಬಗ್ಗೆ ತಪ್ಪು ನಂಬಿಕೆ ಸರ್ಕಾರದ ಆಜ್ಞೆಯಾದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮದೇ ಸೀಮೆಯ ಕಥೆ ಇದೆ. ನಾನು ಈ ವಾರ ಮಾತಾಡಬೇಕು ಅಂದುಕೊಂಡಿದ್ದು ಮುಖ್ಯವಾಗಿ ಇದನ್ನೇ.

1876ರಿಂದ 78ರವರೆಗೆ ದಕ್ಷಿಣದಲ್ಲಿ ಬಿದ್ದ ಬರವನ್ನ ನಮ್ಮ ಹಿರಿಯರು ಸಂವತ್ಸರದ ಹೆಸರಿಂದ ಧಾತು-ಈಶ್ವರ ಬರ ಅಂತಿದ್ದರು. ಮದ್ರಾಸ್, ಮೈಸೂರು, ಬೊಂಬಾಯಿ, ಹೈದರಾಬಾದ್, ನಾಲ್ಕೂ ಕಡೆ. ಅಂದ್ರೆ ಇವತ್ತು ನಾವು ನೀವು ಕೆಲಸಕ್ಕೆ ಅಂತ ಹಂಚಿಹೋಗಿರೋ ಊರುಗಳ ಸೀಮೆಗಳೇ. ಜನರಿಗೆ ಕೆರೆ, ರಸ್ತೆ, ಕಾಲುವೆ ಕೆಲಸ ಕೊಟ್ಟು ಕೂಲಿ ಕೊಡೋದು ಪರಿಹಾರದ ಕ್ರಮ. 1877ರ ಜನವರಿಯಲ್ಲಿ ವೈಸ್‌ರಾಯ್ ಲಿಟ್ಟನ್ ಕಡೆಯಿಂದ ಸರ್ ರಿಚರ್ಡ್ ಟೆಂಪಲ್ ಬಂದ. ಈ ಟೆಂಪಲ್ ಮೂರು ವರ್ಷ ಮೊದಲು ಬಿಹಾರದ ಬರದಲ್ಲಿ ಕೈಬಿಚ್ಚಿ ಖರ್ಚು ಮಾಡಿ ಜನರನ್ನ ಉಳಿಸಿದ್ದವನು, ಅದಕ್ಕೆ ದುಂದುಗಾರ ಅಂತ ಬೈಸಿಕೊಂಡಿದ್ದವನು. ಈ ಸಲ ಆ ಹೆಸರು ತೊಳೆದುಕೊಳ್ಳಬೇಕಿತ್ತು. ದಿನವಿಡೀ ಮಣ್ಣು ಹೊರೋ ಗಂಡಾಳಿಗೆ ಒಂದು ಪೌಂಡ್ ಧಾನ್ಯ, ಮೇಲೆ ಒಂದಾಣೆ ಸಾಕು ಅಂದ. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಮ್ಮಿ. 'ಟೆಂಪಲ್ ಕೂಲಿ' ಅನ್ನೋ ಹೆಸರೇ ಬಿತ್ತು ಅದಕ್ಕೆ.

ಒಂದು ಪೌಂಡ್ ಅಂದ್ರೆ ಸುಮಾರು 450 ಗ್ರಾಂ. ನೂರು ಗ್ರಾಂ ಅಕ್ಕಿಗೆ ಮುನ್ನೂರೈವತ್ತರ ಆಸುಪಾಸು ಕ್ಯಾಲೊರಿ. ಗುಣಿಸಿ ನೋಡಿ: ಸಾವಿರದ ಆರುನೂರು ಕೂಡ ಮುಟ್ಟಲ್ಲ. ಭಾರಿ ಮೈಕೆಲಸ ಮಾಡೋ ಗಂಡಸಿಗೆ ಈಗ ನಮ್ಮ ಪೌಷ್ಟಿಕತೆ ಸಂಸ್ಥೆಯವರು ಹೇಳೋದು ಸುಮಾರು ಮೂರೂವರೆ ಸಾವಿರ. ಉಳಿದ ಒಂದಾಣೆಯಲ್ಲಿ ಬೇಳೆ, ಉಪ್ಪು, ಸೌದೆ, ಎಲ್ಲ ಬರದ ಬೆಲೆಯಲ್ಲಿ ಕೊಳ್ಳಬೇಕು. ಮನೆಯಲ್ಲಿ ಕೆಲಸಕ್ಕೆ ಬರಲಾಗದ ಮುದುಕರೂ ಇರ್ತಾರೆ.

ಆಗ ಆಹಾರವನ್ನ ಕ್ಯಾಲೊರಿಯಲ್ಲಿ ಲೆಕ್ಕ ಹಾಕೋ ಪದ್ಧತಿ ಬಂದಿರಲಿಲ್ಲ. ಹಾಗಂತ 'ಗೊತ್ತಿರಲಿಲ್ಲ ಪಾಪ' ಅಂತ ಟೆಂಪಲ್‌ನನ್ನ ಬಿಡೋಕಾಗಲ್ಲ. ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಾಕ್ಟರ್ ಕಾರ್ನಿಷ್ ಆಗಲೇ ಎದುರು ನಿಂತು ಬರೆದ. ಆ ಮನುಷ್ಯ 1863ರಲ್ಲೇ ಮದ್ರಾಸ್ ಪ್ರಾಂತ್ಯದ ಜನರ ಊಟ, ಜೈಲಿನ ಊಟ, ಇವುಗಳ ವರದಿ ಮಾಡಿದ್ದವನು. ಕನಿಷ್ಠ ಒಂದೂವರೆ ಪೌಂಡ್ ಧಾನ್ಯ ಬೇಕು, ಜೊತೆಗೆ ಬೇಳೆ ತರಕಾರಿ ಬೇಕು ಅಂತ ಅವನ ವಾದ. ಮಾರ್ಚಿನಲ್ಲಿ ಮದ್ರಾಸ್ ಸರ್ಕಾರ ಅರ್ಧ ದಾರಿಗೆ ಬಂತು: ಒಂದೂಕಾಲು ಪೌಂಡ್ ಧಾನ್ಯ, ಒಂದೂವರೆ ಔನ್ಸ್ ಬೇಳೆ. ಅತ್ತ ಬೊಂಬಾಯಿ ಪ್ರಾಂತ್ಯದಲ್ಲಿ ಈ ಕೂಲಿಗೆ ಮಣ್ಣು ಹೊರಲ್ಲ ಅಂತ ಸಾವಿರಾರು ಜನ ಬುಟ್ಟಿ ಇಟ್ಟು ಎದ್ದುಹೋದರು. ಹಸಿದವರು ಮುಷ್ಕರ ಹೂಡೋದು ಅಂದ್ರೆ ಎಷ್ಟು ಬೆಲೆ ಕೊಟ್ಟು ಅಂತ ಯೋಚಿಸಿ. ಅವರ ಪರವಾಗಿ ಸರ್ಕಾರಕ್ಕೆ ಬರೆದದ್ದು ಪುಣೆಯ ಸಾರ್ವಜನಿಕ ಸಭಾ. ಪುಣೆಯಲ್ಲಿರೋ ಸ್ನೇಹಿತರು ಗಮನಿಸಿ.

ಮೈಸೂರು ಸಂಸ್ಥಾನದ ಎರಡು ಜನಗಣತಿ ಅಂಕಿ ಹೇಳ್ತೀನಿ. 1871ರಲ್ಲಿ 50,55,412. 1881ರಲ್ಲಿ 41,86,188. ಇದೆಲ್ಲ ಟೆಂಪಲ್ ಕೂಲಿಯಿಂದಲೇ ಆಯ್ತು ಅಂತ ನಾನು ಹೇಳ್ತಿಲ್ಲ. ಮಳೆ ಹೋಯ್ತು, ಬೆಲೆ ಏರಿತು, ರೋಗ ಬಂತು, ಎಷ್ಟೋ ಜನ ಪರಿಹಾರದ ಕೆಲಸದವರೆಗೆ ಬಂದು ತಲುಪಲೇ ಇಲ್ಲ. ಆದರೆ ತಲುಪಿದವರಿಗೆ ಕೊಟ್ಟ ಲೆಕ್ಕವೇ ಸುಳ್ಳು ಲೆಕ್ಕ ಆಗಿತ್ತು.

ಊಟವನ್ನ ಕ್ಯಾಲೊರಿಯಲ್ಲಿ ಹೇಳೋ ರೂಢಿ ಜನರಿಗೆ ತಲುಪಿಸಿದ್ದು ಇದಾದ ಮೇಲೆ, ಅಮೆರಿಕದ ಆಟ್‌ವಾಟರ್. 1887ರಲ್ಲಿ ಪತ್ರಿಕೆಯಲ್ಲಿ ಬರೆದ, ಆಮೇಲೆ ಮನುಷ್ಯನೇ ಒಳಗೆ ದಿನಗಟ್ಟಲೆ ಇರಬಹುದಾದ ಶಾಖಮಾಪಕ ಕೋಣೆ ಕಟ್ಟಿಸಿದ. ಪ್ರೋಟೀನಿಗೆ ನಾಲ್ಕು, ಪಿಷ್ಟಕ್ಕೆ ನಾಲ್ಕು, ಕೊಬ್ಬಿಗೆ ಒಂಬತ್ತು ಅಂತ ನಿಮ್ಮ ಆಪ್ ಗುಣಿಸೋದು ಇವನ ಲೆಕ್ಕ. ನಮ್ಮ ದೇಶದ ಅಡಿಗೆಮನೆಗೆ ಇದನ್ನ ತಂದದ್ದು ಕೂನೂರಿನ ಪ್ರಯೋಗಾಲಯ. 1937ರಲ್ಲಿ ಅಲ್ಲಿನ ಏಕ್ರಾಯ್ಡ್ ಭಾರತದ ಆಹಾರಗಳ ಪೋಷಕಾಂಶದ ಪಟ್ಟಿ ತಂದರು. ರಾಗಿ, ಜೋಳ, ನುಗ್ಗೆಸೊಪ್ಪಿಗೆಲ್ಲ ಅಂಕಿ ಸಿಕ್ಕಿದ್ದು ಆಗ. 1943ರ ಬಂಗಾಳದ ಬರದ ವಿಚಾರಣಾ ಆಯೋಗದಲ್ಲೂ ಇವರು ಸದಸ್ಯರು. 1958ರಲ್ಲಿ ಆ ಪ್ರಯೋಗಾಲಯ ಹೈದರಾಬಾದಿಗೆ ಬಂತು. ತಾರ್ನಾಕಾ ಕಡೆ ಹೋಗೋವಾಗ ಕಾಣೋ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ ಅದೇ. ನಾನು ಒಂಬತ್ತು ವರ್ಷ ಅದರ ಮುಂದೆ ಓಡಾಡಿದ್ದೀನಿ, ತಿರುಗಿ ನೋಡಿರಲಿಲ್ಲ.

ಆಮೇಲೆ ತಪ್ಪು ನಂಬಿಕೆ ಇನ್ನೊಂದು ದಿಕ್ಕಿನಿಂದ ಬಂತು. 1960ರ ದಶಕದಲ್ಲಿ ವಿಶ್ವಸಂಸ್ಥೆಯಿಂದ ಹಿಡಿದು ಎಲ್ಲರೂ ಬಡದೇಶಗಳ ಕೊರತೆ ಪ್ರೋಟೀನಿನದ್ದೇ ಅಂದರು. ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ಕೂಡ ಕಡಲೆಕಾಯಿ ಹಿಂಡಿಯ ಹಿಟ್ಟಿಗೆ ಕಡಲೆಹಿಟ್ಟು ಬೆರೆಸಿ ಪ್ರೋಟೀನ್ ಪುಡಿ ಮಾಡಿತ್ತು. ಒಳ್ಳೆಯ ಪುಡಿಯೇ, ಅದರಲ್ಲಿ ತಪ್ಪಿಲ್ಲ. ಆದರೆ ಹೈದರಾಬಾದಿನಲ್ಲಿ ಗೋಪಾಲನ್, ಅಂಕಿಅಂಶ ಹಿಡಿದು ಸುಖಾತ್ಮೆ, ಇಬ್ಬರೂ ಬೇರೆಯದೇ ಹೇಳಿದರು: ಈ ಮಕ್ಕಳಿಗೆ ಊಟವೇ ಸಾಲ್ತಿಲ್ಲ, ಅವರು ತಿನ್ನೋ ಅನ್ನ-ಬೇಳೆಯೇ ಹೊಟ್ಟೆತುಂಬ ಸಿಕ್ಕರೆ ಪ್ರೋಟೀನೂ ಬಹುಮಟ್ಟಿಗೆ ಸಿಗುತ್ತೆ. ಸೌದೆ ಇಲ್ಲದ ಮನೆಯಲ್ಲಿ ಬಾಗಿಲು ಒಡೆದು ಒಲೆಗೆ ಹಾಕ್ತಾರಲ್ಲ, ಹಾಗೆ ಹಸಿದ ಮೈ ಪ್ರೋಟೀನನ್ನೇ ಉರಿಸಿಬಿಡುತ್ತೆ. 1974ರಲ್ಲಿ ಮೆಕ್‌ಲಾರೆನ್ ಅನ್ನೋ ವೈದ್ಯ ಇಡೀ ಪ್ರಸಂಗವನ್ನ 'ಮಹಾ ಪ್ರೋಟೀನ್ ಎಡವಟ್ಟು' ಅನ್ನೋ ಅರ್ಥದ ಹೆಸರಿಟ್ಟು ಲ್ಯಾನ್ಸೆಟ್‌ನಲ್ಲಿ ಬರೆದ. ನಮ್ಮ ಆಫೀಸಿನ ಡೆಸ್ಕುಗಳ ಮೇಲೆ ಸಾಲಾಗಿ ಕೂತಿರೋ ಪ್ರೋಟೀನ್ ಡಬ್ಬಗಳನ್ನ ನೋಡಿದಾಗ ನನಗೆ ಇದು ನೆನಪಾಗುತ್ತೆ. ಆ ಡಬ್ಬದವರ ಮೇಲೆ ನನಗೇನೂ ಸಿಟ್ಟಿಲ್ಲ, ದುಡ್ಡು ಅವರದ್ದು.

ಇನ್ನು ನನ್ನ ಎಂಟು ಲೋಟ. ಇದು ಎಲ್ಲಿಂದ ಬಂತು ಅಂತ 2002ರಲ್ಲಿ ಅಮೆರಿಕದ ಕಿಡ್ನಿ ತಜ್ಞ ಹೈನ್ಸ್ ವಾಲ್ಟಿನ್ ಹುಡುಕಿ ಹುಡುಕಿ, ಆರೋಗ್ಯವಾಗಿರೋ ಎಲ್ಲರೂ ಎಂಟು ಲೋಟ ಕುಡೀಲೇಬೇಕು ಅನ್ನೋದಕ್ಕೆ ವೈಜ್ಞಾನಿಕ ಆಧಾರ ಸಿಗಲಿಲ್ಲ ಅಂತ ಬರೆದರು. ಮೂಲ ಇರಬಹುದು ಅಂತ ಸಾಮಾನ್ಯವಾಗಿ ತೋರಿಸೋದು 1945ರ ಅಮೆರಿಕದ ಆಹಾರ ಮಂಡಳಿಯ ಒಂದು ಶಿಫಾರಸನ್ನ. ದಿನಕ್ಕೆ ಎರಡೂವರೆ ಲೀಟರ್, ಅಂದಾಜಿಗೆ ಒಂದು ಕ್ಯಾಲೊರಿ ಆಹಾರಕ್ಕೆ ಒಂದು ಮಿಲಿಲೀಟರ್ ನೀರು ಅಂತ ಅಲ್ಲಿದೆ. ನೋಡಿ, ನೀರು ಮತ್ತು ಕ್ಯಾಲೊರಿ ಒಂದೇ ಸಾಲಿನಲ್ಲಿ ಕೂತಿವೆ! ಆದರೆ ಅದರ ಮುಂದಿನ ಮಾತನ್ನ ಲೋಕವೆಲ್ಲ ಮರೆತಿತು: ಈ ನೀರಿನ ಬಹುಪಾಲು ನಾವು ತಿನ್ನೋ ಅಡಿಗೆಯಲ್ಲೇ ಇರುತ್ತೆ ಅಂತ. ಅನ್ನ, ಸಾರು, ಮಜ್ಜಿಗೆ, ಹಣ್ಣು, ಎಲ್ಲದರಲ್ಲೂ ನೀರಿದೆ. ನಾನು ಅಮ್ಮನ ಸಾರನ್ನ ಲೆಕ್ಕಕ್ಕೇ ತಗೊಂಡಿರಲಿಲ್ಲ, ಮೇಲಾಗಿ ಅವರ ಮಾತ್ರೆ ಚೀಟಿಯನ್ನ ಓದಿರಲಿಲ್ಲ. ಬಿಸಿಲಲ್ಲಿ ದುಡಿಯೋರಿಗೆ, ಕಿಡ್ನಿ ಕಲ್ಲು ಇರೋರಿಗೆ ಹೆಚ್ಚು ನೀರು ಬೇಕು. ಹೃದಯದ ತೊಂದರೆ ಇರೋ ಕೆಲವರಿಗೆ ಮಿತಿ ಬೇಕು. ಎಲ್ಲರಿಗೂ ಒಂದೇ ಅಂಕಿ ಹೇಳೋ ಆಪ್‌ಗೆ ಇದು ಗೊತ್ತಿರಲ್ಲ, ಡಾಕ್ಟರಿಗೆ ಗೊತ್ತಿರುತ್ತೆ.

ಅಮ್ಮ ಈಗ ಹಾಸನದಲ್ಲಿದ್ದಾರೆ. ಡಾಕ್ಟರು ಮಾತ್ರೆ ಬದಲಾಯಿಸಿದ್ದಾರೆ, ಬಾಯಾರಿದಾಗ ಕುಡೀತಾರೆ, ಮಧ್ಯಾಹ್ನ ಎರಡು ಲೋಟ ಉಪ್ಪು ಹಾಕಿದ ಮಜ್ಜಿಗೆ. ಈ ಮಾತು ರೆಕಾರ್ಡ್ ಮಾಡೋ ಮೊದಲು ಟೆಂಪಲ್ ಕೂಲಿ ಬಗ್ಗೆ ಫೋನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಅಜ್ಜಿ ಊಟಕ್ಕೆ ಕೂತಾಗ ಚೆಲ್ಲಿದ ಅಗುಳನ್ನ ಒಂದೊಂದಾಗಿ ಹೆಕ್ಕೋರು ಅಂದರು. ಈಶ್ವರದಲ್ಲಿ ಹುಟ್ಟಿದೋಳು ಅಂತ ಆ ಅಜ್ಜಿ ತಮ್ಮ ತಾಯಿ ಬಗ್ಗೆ ಹೇಳ್ತಿದ್ದರಂತೆ. ಅದು ವರ್ಷದ ಹೆಸರು ಅಂತ ಅಮ್ಮನಿಗೆ ಗೊತ್ತಾಗಿದ್ದು ಮೊನ್ನೆ.