ಕರಕಿಯ ಮೇಲೊಂದು ಸವಾರಿ

ಕಲಬುರಗಿ ಸೀಮೆಯ ಎರೆಹೊಲದಲ್ಲಿ ನಿಂತು ಕರಕಿಯ ಹೆಸರೆತ್ತಿದರೆ ರೈತನ ಮುಖ ಸಣ್ಣದಾಗುತ್ತದೆ. ದಕ್ಷಿಣದವರು ಗರಿಕೆ ಎನ್ನುವುದು ಇದನ್ನೇ. ಗಣಪತಿಗೆ ಏರಿಸುವ ಹುಲ್ಲು, ವಂಶ ಹೀಗೆ ಹಬ್ಬಲಿ ಎಂದು ಹಿರಿಯರು ಹರಸುವಾಗ ನೆನೆಯುವ ಹುಲ್ಲು. ಆದರೆ ತೊಗರಿ, ಜೋಳದ ಹೊಲದಲ್ಲಿ ಹೀಗೆ ಹಬ್ಬಿದರೆ ಅದು ಹರಕೆಯಲ್ಲ, ಶಾಪ. ಮಣ್ಣಿನ ಆಳದಲ್ಲಿ ಹರಿದಾಡುವ ಅದರ ದಂಟಿನ ಒಂದೊಂದು ಗೆಣ್ಣೂ ಮತ್ತೆ ಚಿಗುರಬಲ್ಲದು. ಮೇಲಿನದನ್ನು ಕೊಯ್ದರೆ ಕೆಳಗಿನದು ಉಳಿಯಿತು; ಕೆಳಗಿನದನ್ನು ತುಂಡರಿಸಿದರೆ ಒಂದು ಎರಡಾಯಿತು. ಬೇಸಿಗೆಯಲ್ಲಿ ಭಾರದ ನೇಗಿಲಿಗೆ ಹಲವು ಜೋಡಿ ಎತ್ತು ಕಟ್ಟಿ ಆಳಕ್ಕೆ ಉಳುವುದು, ಗುದ್ದಲಿಯಿಂದ ಅಗೆದು ಬೇರು ಆರಿಸುವುದು, ಒಣಗಿಸಿ ಸುಡುವುದು: ಇಷ್ಟು ಮಾಡಿದ ಮೇಲೂ ಮೊದಲ ಮಳೆಗೆ ಅಲ್ಲೊಂದು ಇಲ್ಲೊಂದು ಹಸಿರು ಮೂತಿ ಇಣುಕುತ್ತದೆ.

ಇದೇ ಹುಲ್ಲನ್ನು ಪಟ್ಟಣದ ಸಸಿತೋಟಗಳಲ್ಲಿ ‘ಹರಿಯಾಲಿ’ ಎಂಬ ಹೆಸರಿನಲ್ಲಿ ದುಡ್ಡು ಕೊಟ್ಟು ಕೊಳ್ಳುತ್ತಾರೆ. ಇಂಗ್ಲಿಷಿನವರು ಇದಕ್ಕೆ ಬರ್ಮುಡಾ ಹುಲ್ಲು ಎನ್ನುತ್ತಾರೆ. ಅಮೆರಿಕದ ದಕ್ಷಿಣ ಭಾಗದ ಮನೆಯಂಗಳಗಳಲ್ಲೂ ಆಟದ ಮೈದಾನಗಳಲ್ಲೂ ಮೆರೆಯುತ್ತಿರುವುದು ನಮ್ಮ ಕರಕಿಯೇ.

ಕಮಲಾಪುರದ ಹತ್ತಿರ, ಹುಮನಾಬಾದ್ ರಸ್ತೆಯ ಕಡೆಗೆ, ಹೊಲದಲ್ಲಿ ಮನೆ ಕಟ್ಟಿಸಿರುವ ನನ್ನ ಪರಿಚಿತರೊಬ್ಬರು ಮನೆಯ ಮುಂದೆ ಎರಡು ಎಕರೆ ಹುಲ್ಲುಹಾಸು ಮಾಡಿಸಿದ್ದಾರೆ. ಅದನ್ನು ಕತ್ತರಿಸಲು ಮೇಲೆ ಕುಳಿತು ನಡೆಸುವ ಯಂತ್ರ ಕೊಳ್ಳಬೇಕು, ಯಾವುದು ಒಳ್ಳೆಯದು ಎಂದು ಕೇಳಿದರು. ಪಕ್ಕದಲ್ಲೇ ಹೊರಸಿನ ಮೇಲೆ ಕುಳಿತಿದ್ದ ಅವರ ತಂದೆ ನನ್ನ ಉತ್ತರಕ್ಕೆ ಕಾಯಲಿಲ್ಲ. “ನಾವು ಕರಕಿ ಕಿತ್ತು ಕಿತ್ತು ಸೊಂಟ ಮುರ್ಕೊಂಡೀವಿ. ನೀ ನೋಡಿದ್ರ ಅದಕ್ಕ ನೀರ ಉಣಿಸ್ಲತ್ತಿ” ಎಂದರು. ಮಗ ನಕ್ಕರು. ನನಗೆ ಮಾತ್ರ ಯಂತ್ರದ ಪ್ರಶ್ನೆಗಿಂತ ಮುದುಕರ ಮಾತೇ ದೊಡ್ಡದೆನಿಸಿತು. ಬೆಳೆಸಿದ್ದನ್ನು ಬೆಳೆಯಗೊಡದೆ ಕತ್ತರಿಸುತ್ತಲೇ ಇರುವ ಈ ವಿಚಿತ್ರ ಕೃಷಿ ಎಲ್ಲಿಂದ ಬಂತು?

ಇಂಗ್ಲೆಂಡಿನ ಶ್ರೀಮಂತರ ಬಂಗಲೆಗಳ ಮುಂದಿನ ಹುಲ್ಲುಹಾಸನ್ನು ಮೊದಲು ಕುರಿಗಳು ಮೇಯುತ್ತಿದ್ದವು. ಇಲ್ಲವೇ ಉದ್ದ ಹಿಡಿಯ ಕುಡುಗೋಲು ಬೀಸುವ ಆಳುಗಳು ಬೆಳಗಿನ ಇಬ್ಬನಿ ಆರುವ ಮುನ್ನ ಕೊಯ್ಯುತ್ತಿದ್ದರು. ಒಣಗಿದ ಹುಲ್ಲು ಅಲಗಿಗೆ ಬಾಗುತ್ತದೆಯೇ ಹೊರತು ತುಂಡಾಗುವುದಿಲ್ಲ. ಇದಕ್ಕೆ ಯಂತ್ರ ಕಂಡುಹಿಡಿದವನು ತೋಟಗಾರನಲ್ಲ. ಗ್ಲಾಸ್ಟರ್‌ಷೈರ್ ಪ್ರಾಂತ್ಯದ ಸ್ಟ್ರೌಡ್ ಊರಿನ ಸುತ್ತ ಉಣ್ಣೆ ಬಟ್ಟೆಯ ಗಿರಣಿಗಳಿದ್ದವು. ನೇಯ್ದ ಬಟ್ಟೆಯ ಮೇಲೆದ್ದ ಜೂಲನ್ನು ಸಮನಾಗಿ ಸವರಲು ಅಲ್ಲಿ ಸುತ್ತುವ ಅಲಗುಗಳ ಉರುಳೆ ಬಳಸುತ್ತಿದ್ದರು. ಎಡ್ವಿನ್ ಬಿಯರ್ಡ್ ಬಡ್ಡಿಂಗ್ ಎಂಬ ಯಂತ್ರಶಿಲ್ಪಿ ಅದನ್ನು ನೆಲದ ಮೇಲೆ ಇಳಿಸಿದ. 1830ರಲ್ಲಿ ಅವನಿಗೆ ಹಕ್ಕುಪತ್ರ ದೊರೆಯಿತು. ಜನ ನಕ್ಕಾರೆಂದು ಅವನು ಯಂತ್ರವನ್ನು ರಾತ್ರಿ ಹೊತ್ತು ಪರೀಕ್ಷಿಸುತ್ತಿದ್ದನೆಂಬ ಕಥೆಯೂ ಇದೆ. ಹಳ್ಳಿಗಾಡಿನ ಸಿರಿವಂತರು ತಾವೇ ಇದನ್ನು ತಳ್ಳಿದರೆ ಮನರಂಜನೆಯೂ ಆದೀತು, ವ್ಯಾಯಾಮವೂ ಆದೀತು ಎಂದು ಅವನು ಹಕ್ಕುಪತ್ರದಲ್ಲೇ ಬರೆದಿದ್ದ. ಎರಕದ ಕಬ್ಬಿಣದ ಆ ಭಾರವನ್ನು ತಳ್ಳಿದ್ದು ಸಿರಿವಂತರಲ್ಲ, ಅವರ ಆಳುಗಳೇ ಎಂಬುದು ಬೇರೆ ಮಾತು.

1832ರಲ್ಲಿ ಇಪ್ಸ್‌ವಿಚ್‌ನ ರ‍್ಯಾನ್ಸಮ್ಸ್ ಕಾರ್ಖಾನೆ ಇದನ್ನು ತಯಾರಿಸತೊಡಗಿತು. ದೊಡ್ಡ ಮೈದಾನಕ್ಕೆ ಮನುಷ್ಯಬಲ ಸಾಲದಾದಾಗ 1842ರಲ್ಲಿ ಸ್ಕಾಟ್ಲೆಂಡಿನ ಆರ್ಬ್ರೋತ್‌ನ ಅಲೆಕ್ಸಾಂಡರ್ ಶ್ಯಾಂಕ್ಸ್ ತಟ್ಟು ಕುದುರೆ ಎಳೆಯುವ ಯಂತ್ರ ಮಾಡಿದ. ಗೊರಸಿನ ಗುರುತು ಹುಲ್ಲಿನ ಮೇಲೆ ಬೀಳದಂತೆ ಕುದುರೆಗಳಿಗೆ ತೊಗಲಿನ ಬೂಟು ತೊಡಿಸುತ್ತಿದ್ದರು! 1890ರ ದಶಕದಲ್ಲಿ ಉಗಿಯಂತ್ರ ಬಂತು. ಅದರ ತೂಕಕ್ಕೆ ನೆಲವೇ ಕುಸಿಯುತ್ತಿತ್ತು. 1902ರಲ್ಲಿ ರ‍್ಯಾನ್ಸಮ್ಸ್‌ನವರು ಪೆಟ್ರೋಲ್ ಎಂಜಿನ್ನಿನ ಯಂತ್ರವನ್ನು ಮಾರಾಟಕ್ಕೆ ತಂದರು. ಕತ್ತರಿಸುವವನು ಕುಳಿತುಕೊಳ್ಳಲು ಕಲಿತದ್ದು ಹೀಗೆ, ಮೊದಲು ಕುದುರೆಯ ಹಿಂದೆ, ಆಮೇಲೆ ಎಂಜಿನ್ನಿನ ಹಿಂದೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ಕಾನ್ಸಾಸ್‌ನಲ್ಲಿ ನಿಂತಲ್ಲೇ ಗಿರಕಿ ಹೊಡೆಯಬಲ್ಲ ಯಂತ್ರವನ್ನು ಜಾನ್ ರೀಗರ್ ಎಂಬಾತ ರೂಪಿಸಿದ. ಸ್ಟಿಯರಿಂಗ್ ಬದಲು ಎರಡು ಸನ್ನೆಕೋಲಿರುವ ಇಂದಿನ ಯಂತ್ರಗಳೆಲ್ಲ ಅದರ ಸಂತತಿ.

ಹುಲ್ಲುಹಾಸಿನ ಮರ್ಮವನ್ನು ಚೆನ್ನಾಗಿ ಹಿಡಿದವನು ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್ಸ್ಟೀನ್ ವೆಬ್ಲೆನ್. 1899ರಲ್ಲಿ ಬಂದ, ಸುಖಜೀವಿ ವರ್ಗವನ್ನು ಕುರಿತ ತನ್ನ ಪುಸ್ತಕದಲ್ಲಿ ಅವನು ಕೇಳುವ ಪ್ರಶ್ನೆ ಸರಳ: ಹುಲ್ಲು ಗಿಡ್ಡವಾಗಿರಬೇಕಾದರೆ ಹಸು ಕಟ್ಟಬಹುದಲ್ಲ? ಕಟ್ಟುವುದಿಲ್ಲ, ಏಕೆಂದರೆ ಹಸು ಎಂದರೆ ಉಪಯೋಗ, ಮಿತವ್ಯಯ. ಹುಲ್ಲುಹಾಸು ಇರುವುದು ನನಗೆ ಮೇವು ಬೇಕಿಲ್ಲ ಎಂದು ಸಾರಲು.

ನಮ್ಮಲ್ಲಿ ಹುಲ್ಲು ಕತ್ತರಿಸುವ ಯಂತ್ರವೆಂದರೆ ಮೇವು ಕತ್ತರಿಸುವ ಯಂತ್ರವೇ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮೊದಮೊದಲು ಮಾಡಿದ ಯಂತ್ರಗಳಲ್ಲಿ ಒಂದು ಮೇವು ಕತ್ತರಿಸುವುದು, ಇನ್ನೊಂದು ಕಬ್ಬಿಣದ ನೇಗಿಲು. ಒಂದು ದನಕ್ಕೆ ಹುಲ್ಲು ಉಣಿಸಲು, ಇನ್ನೊಂದು ಕರಕಿಯಂಥ ಹುಲ್ಲನ್ನು ಬೇರುಸಹಿತ ಕೀಳಲು. ನೋಡಲಿಕ್ಕಾಗಿ ಹುಲ್ಲು ಬೆಳೆಸುವವರು ಆ ಗಿರಾಕಿಗಳ ಪಟ್ಟಿಯಲ್ಲಿರಲಿಲ್ಲ.

ಕಲಬುರಗಿಯನ್ನು 1347ರಲ್ಲಿ ರಾಜಧಾನಿ ಮಾಡಿಕೊಂಡ ಬಹಮನಿ ಸುಲ್ತಾನರಿಗೂ ತೋಟವೆಂದರೆ ಬೇರೆಯೇ ಕಲ್ಪನೆ. ಪರ್ಷಿಯಾದ ಪದ್ಧತಿಯ ತೋಟದಲ್ಲಿ ಮುಖ್ಯವಾದುದು ನೀರಿನ ಕಾಲುವೆ, ಹಣ್ಣಿನ ಮರ, ನೆರಳು. ಬಿಸಿಲಿನ ನಾಡಿನಲ್ಲಿ ಹುಟ್ಟಿದ ಆ ಕಲ್ಪನೆ ಬಿಸಿಲಿನ ಇನ್ನೊಂದು ನಾಡಿಗೆ ಒಗ್ಗಿತು. ಬಟಾಬಯಲು ಹಸಿರಿನ ರೂಢಿ ಬ್ರಿಟಿಷರ ಜೊತೆ ಬಂದದ್ದು. 1899ರಿಂದ 1905ರವರೆಗೆ ವೈಸ್‌ರಾಯ್ ಆಗಿದ್ದ ಕರ್ಜನ್ ತಾಜ್ ಮಹಲಿನ ತೋಟವನ್ನೇ ಇಂಗ್ಲಿಷ್ ಮಾದರಿಯ ಹುಲ್ಲುಹಾಸಾಗಿ ಮಾರ್ಪಡಿಸಿದ. ಸ್ಮಾರಕ ಎಂದಮೇಲೆ ಸುತ್ತ ಹುಲ್ಲು ಇರಲೇಬೇಕೆಂಬ ನಮ್ಮ ಇಂದಿನ ನಂಬಿಕೆಯಲ್ಲಿ ಅವನ ಪಾಲು ದೊಡ್ಡದು. ಅದೇ ತಾಜ್ ಮಹಲಿನಲ್ಲಿ ಎತ್ತುಗಳು ಹುಲ್ಲು ಕತ್ತರಿಸುವ ಯಂತ್ರವನ್ನು ಎಳೆಯುತ್ತಿದ್ದುದನ್ನು ವಿದೇಶಿ ಪ್ರವಾಸಿಗಳು ಬೆರಗಿನಿಂದ ಫೋಟೋ ತೆಗೆದುಕೊಂಡಿದ್ದಾರೆ. ವೆಬ್ಲೆನ್ ನೋಡಿದ್ದರೆ ಏನೆನ್ನುತ್ತಿದ್ದನೋ!

ಇಂದು ಕಲಬುರಗಿಯ ಸುತ್ತ ವಿಶಾಲವಾದ ಆವರಣಗಳಿಗೆ ಕೊರತೆಯಿಲ್ಲ. 1980ರಲ್ಲಿ ಆರಂಭವಾದ ಗುಲಬರ್ಗಾ ವಿಶ್ವವಿದ್ಯಾಲಯ, 2009ರಲ್ಲಿ ಸ್ಥಾಪನೆಯಾದ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, 2019ರಲ್ಲಿ ಉದ್ಘಾಟನೆಯಾದ ವಿಮಾನ ನಿಲ್ದಾಣ, ಒಂದೊಂದೂ ನೂರಾರು ಎಕರೆ. ಆದರೆ ಅಲ್ಲಿ ಬೆಳೆದ ಹುಲ್ಲೆಲ್ಲ ಹುಲ್ಲುಹಾಸಲ್ಲ. ವಿಮಾನ ನಿಲ್ದಾಣಗಳಲ್ಲಿ ಹುಲ್ಲು ಕತ್ತರಿಸುವುದು ಹಕ್ಕಿಗಳ ಕಾಟ, ಬೆಂಕಿಯ ಭಯ ತಪ್ಪಿಸಲು. ಅಂಥ ಕೆಲಸಕ್ಕೆ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಯಂತ್ರ ಬೇಕು. ಮೇಲೆ ಕುಳಿತು ನಡೆಸುವ ಯಂತ್ರದ ಜಾಗ ಇವೆರಡರ ನಡುವೆ: ತಳ್ಳುವ ಯಂತ್ರಕ್ಕೆ ಹೆಚ್ಚು, ಟ್ರ್ಯಾಕ್ಟರಿಗೆ ಕಡಿಮೆ.

ಲೆಕ್ಕ ಹೀಗಿದೆ. ಎರಡು ಎಕರೆ ಎಂದರೆ ಸುಮಾರು 8,100 ಚದರ ಮೀಟರ್. ಅರ್ಧ ಮೀಟರ್ ಅಗಲ ಕತ್ತರಿಸುವ ಯಂತ್ರವನ್ನು ತಳ್ಳುತ್ತ ಹೋದರೆ ಒಂದು ಸಲಕ್ಕೆ 16 ಕಿಲೋಮೀಟರಿಗೂ ಹೆಚ್ಚು ನಡೆಯಬೇಕು. ಕಲಬುರಗಿಯಿಂದ ಕಮಲಾಪುರದ ಹೆಚ್ಚುಕಡಿಮೆ ಅರ್ಧ ಹಾದಿ. 42 ಅಂಗುಲ ಅಗಲದ ಸವಾರಿ ಯಂತ್ರ ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಹೋದರೆ, ತಿರುವು ಮತ್ತು ಒಂದರ ಮೇಲೊಂದು ಬೀಳುವ ಪಟ್ಟಿಗಳಿಗೆ ಕಾಲುಭಾಗ ಕಳೆದರೂ, ಗಂಟೆಗೆ ಒಂದು ಎಕರೆ ಮುಗಿಯುತ್ತದೆ. ಇಲ್ಲಿಯವರೆಗೆ ಯಂತ್ರದ ಪರವಾಗಿಯೇ ತೀರ್ಪು. ಅರ್ಧ ಎಕರೆಗಿಂತ ಕಡಿಮೆ ಇದ್ದವರು ಇದರ ಆಸೆ ಬಿಡುವುದು ಮೇಲು. ಗಿಡಗಳ ನಡುವೆ ತಿರುಗಿಸುವುದರಲ್ಲೇ ಹೊತ್ತು ಹೋಗುತ್ತದೆ.

ತೀರ್ಪು ತಿರುಗುವುದು ಮಣ್ಣಿನಲ್ಲಿ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಹುಲ್ಲು ವೇಗವಾಗಿ ಬೆಳೆಯುವುದು ಮಳೆಗಾಲದಲ್ಲಿ, ಕತ್ತರಿಸಬೇಕಾದದ್ದೂ ಆಗಲೇ. ಇನ್ನೂರು ಕಿಲೋ ಯಂತ್ರದ ಮೇಲೆ ಒಬ್ಬ ಮನುಷ್ಯ ಕುಳಿತು ಹಸಿ ಎರೆಗೆ ಇಳಿದರೆ ಗಾಲಿ ಹೂಳುತ್ತದೆ, ನೆಲ ಗಟ್ಟಿಯಾಗಿ ಬೇರಿಗೆ ಗಾಳಿ ಆಡುವುದಿಲ್ಲ. ಕುಂಟೆ ಹೊಡೆಯುವ ರೈತ ಹದಕ್ಕೆ ಕಾಯುತ್ತಾನೆ, ಯಂತ್ರದವನೂ ಕಾಯಬೇಕು. ಆದ್ದರಿಂದ ಎಂಜಿನ್ನಿನ ಅಶ್ವಶಕ್ತಿ ಕೇಳುವ ಮೊದಲು ಟೈರಿನ ಅಗಲ ಕೇಳುವುದು ಈ ಸೀಮೆಗೆ ಸರಿ. ಹುಲ್ಲು ಹಾಕುವ ಮೊದಲೇ ನೀರು ಬಸಿದುಹೋಗುವಂತೆ ನೆಲಕ್ಕೆ ಇಳಿಜಾರು ಕೊಟ್ಟು, ಮೇಲೆ ಮರಳು ಬೆರೆತ ಮಣ್ಣಿನ ಹಾಸು ಕೊಟ್ಟಿದ್ದರೆ ಕಾಯುವ ದಿನ ಕಡಿಮೆಯಾಗುತ್ತದೆ.

ಅಲಗಿನಲ್ಲಿ ಎರಡು ಜಾತಿ. ಬಡ್ಡಿಂಗನ ಉರುಳೆ ಕತ್ತರಿಯಂತೆ ಕತ್ತರಿಸುತ್ತದೆ. ಕರಕಿಯನ್ನು ನುಣ್ಣಗೆ ಗಿಡ್ಡ ಮಾಡಲು ಅದಕ್ಕೆ ಸಮನಿಲ್ಲ. ಆದರೆ ನೆಲ ಮಟ್ಟಸವಾಗಿರಬೇಕು, ಒಂದು ಕಲ್ಲು ಸಿಕ್ಕರೂ ಅಲಗು ಕೆಟ್ಟಿತು. ಫ್ಯಾನಿನಂತೆ ತಿರುಗುವ ಅಲಗು ಒರಟು ನೆಲವನ್ನು ತಾಳುತ್ತದೆ. ಕಲ್ಲು ಸಿಕ್ಕರೆ ಗುಂಡಿನಂತೆ ಎಸೆಯುತ್ತದೆ. ಮಕ್ಕಳು, ನಾಯಿ, ಕಿಟಕಿ ಗಾಜು ಇರುವೆಡೆ ಇದು ಸಣ್ಣ ಮಾತಲ್ಲ. ಇಳಿಜಾರಿನಲ್ಲಿ ಇಂಥ ಯಂತ್ರ ಮಗುಚಿ ಸವಾರರು ಸತ್ತ ಪ್ರಸಂಗಗಳು ಬೇರೆ ದೇಶಗಳಲ್ಲಿ ಬಹಳ. ಏರಿಯ ಅಂಚು, ಬಾವಿಯ ಕಟ್ಟೆ, ಕಾಲುವೆಯ ದಂಡೆಗಳ ಹುಲ್ಲನ್ನು ಕುಡುಗೋಲಿಗೇ ಬಿಡಬೇಕು. ಅಂಗಡಿಯಲ್ಲಿ ಕೇಳಬೇಕಾದ ಇನ್ನೊಂದು ಪ್ರಶ್ನೆ: ಬೆಲ್ಟ್ ಹರಿದರೆ, ಅಲಗು ಸವೆದರೆ ಬದಲಿ ಬಿಡಿಭಾಗ ಎಲ್ಲಿಂದ ಬರಬೇಕು, ಎಷ್ಟು ದಿನಕ್ಕೆ? ಲಕ್ಷಗಟ್ಟಲೆ ಸುರಿದ ಯಂತ್ರ ಶ್ರಾವಣದಲ್ಲಿ ಕೊಟ್ಟಿಗೆಯಲ್ಲಿ ನಿಂತರೆ ಕರಕಿ ಕಾಯುವುದಿಲ್ಲ.

ಎಲ್ಲಕ್ಕಿಂತ ಭಾರವಾದದ್ದು ನೀರಿನ ಲೆಕ್ಕ. ಏಪ್ರಿಲ್, ಮೇ ತಿಂಗಳಲ್ಲಿ ಹುಲ್ಲು ಹಸಿರಾಗಿರಬೇಕಾದರೆ ದಿನಕ್ಕೆ 5 ಮಿಲಿಮೀಟರಿನಷ್ಟಾದರೂ ನೀರು ಬೇಕೆನ್ನೋಣ. ಎರಡು ಎಕರೆಗೆ ಅದು 40,000 ಲೀಟರ್, ದಿನವೂ. ನಗರವಾಸಿಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಮಾನದಂಡದ ಪ್ರಕಾರ ಇದು ಮುನ್ನೂರು ಜನರ ನೀರು. ಕಲಬುರಗಿ ನಗರ ಭೀಮಾ ಮತ್ತು ಬೆಣ್ಣೆತೊರಾ ನೀರನ್ನು ನಂಬಿ ಬದುಕುವ ಊರು. ಬೇಸಿಗೆಯಲ್ಲಿ ಕೊಡಗಳ ಸಾಲು ಕಂಡವರಿಗೆ ಈ ಅಂಕಿ ಬಿಡಿಸಿ ಹೇಳಬೇಕಿಲ್ಲ. ಕಮಲಾಪುರದ ಹೆಸರು ಹೊರಗೆ ತಿಳಿದಿರುವುದು ಭೌಗೋಳಿಕ ಗುರುತು ಪಡೆದ ಅಲ್ಲಿನ ಕೆಂಪು ಬಾಳೆಯಿಂದ. ಮಿಕ್ಕ ಬಾಳೆಗಿಂತ ಹೆಚ್ಚು ಕಾಲ ಹೊಲದಲ್ಲಿ ನಿಲ್ಲುವ ಆ ಗಿಡಕ್ಕೂ ಅದೇ ಕೊಳವೆ ಬಾವಿಯ ನೀರೇ ಬೇಕು.

ಆದರೆ ಕರಕಿಯ ಗುಣವೇ ಇಲ್ಲಿ ನೆರವಿಗೆ ಬರುತ್ತದೆ. ರೈತನನ್ನು ಗೋಳು ಹೊಯ್ದುಕೊಳ್ಳುವ ಅದೇ ಬೇರು ಬೇಸಿಗೆಯಲ್ಲಿ ನೀರಿಲ್ಲದೆಯೂ ಜೀವ ಹಿಡಿದಿರುತ್ತದೆ. ಮೇಲೆ ಹುಲ್ಲು ಕಂದಿ ಹೋಗಲಿ. ಮುಂಗಾರು ಬಿದ್ದ ವಾರದಲ್ಲಿ ಮತ್ತೆ ಹಸಿರು. ಹೀಗೆ ಬಿಟ್ಟರೆ ಕತ್ತರಿಸುವ ಕೆಲಸ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ. ವಾರಕ್ಕೊಮ್ಮೆ ಎಂದರೂ ವರ್ಷಕ್ಕೆ ನಲವತ್ತೈವತ್ತು ಗಂಟೆ. ಅಷ್ಟಕ್ಕೆ ಲಕ್ಷಗಟ್ಟಲೆ ಹಣದ ಯಂತ್ರವೇ? ಕುಕ್ಕರಗಾಲಿನಲ್ಲಿ ಕುಳಿತು ಕುರ್ಚಿಗಿ ಹಿಡಿದು ಹುಲ್ಲು ತೆಗೆಯುವ ಹೆಂಗಸರ ಕೂಲಿ ಹೋಗುತ್ತದೆಂಬ ಮಾತೂ ಇದೆ. ಆ ಕೆಲಸ ಅವರ ಮೊಣಕಾಲನ್ನು ಏನು ಮಾಡುತ್ತದೆಂಬ ಮಾತೂ ಇದೆ. ನನ್ನ ಅಭಿಪ್ರಾಯ ಕೇಳಿದರೆ, ಮೊದಲು ಹುಲ್ಲುಹಾಸನ್ನು ಅಳೆದು ಕಡಿಮೆ ಮಾಡಬೇಕು, ಆಮೇಲೆ ಯಂತ್ರ ನೋಡಬೇಕು. ಪರಿಚಿತರಿಗೂ ಹಾಗೆಯೇ ಹೇಳಿದೆ.

ಅವರು ಮನೆಯ ಮುಂದಿನ ಮುಕ್ಕಾಲು ಎಕರೆ ಉಳಿಸಿಕೊಂಡು, ಮಿಕ್ಕದ್ದರಲ್ಲಿ ಬೇವು, ಮಾವು ನೆಟ್ಟು ನಡುವಿನ ಹುಲ್ಲನ್ನು ಎತ್ತರಕ್ಕೆ ಬಿಟ್ಟರು. ಯಂತ್ರವನ್ನೂ ಕೊಂಡರು, ಚಿಕ್ಕದು, ಹಿಂದೆ ಹುಲ್ಲು ತುಂಬುವ ಚೀಲವಿರುವುದು. ಮೊದಲ ದಿನ ಮಗ ಸವಾರಿ ಮಾಡುತ್ತಿದ್ದಾಗ ತಂದೆ ಏನೂ ಅನ್ನಲಿಲ್ಲವಂತೆ. ಯಂತ್ರ ನಿಂತ ಮೇಲೆ ಚೀಲ ಬಿಚ್ಚಿ, ಹುಲ್ಲು ಹಿಡಿಯಲ್ಲಿ ತೆಗೆದುಕೊಂಡು ಎಣ್ಣೆಯ ವಾಸನೆ ಇದೆಯೇ ಎಂದು ಮೂಸಿ ನೋಡಿದರು. ರಾಶಿ ಹಾಕಿದರೆ ಕಾವೇರಿ ಹಳಸುತ್ತದೆಂದು ಅವರಿಗೆ ಯಾರೂ ಹೇಳಬೇಕಿರಲಿಲ್ಲ. ತೆಳ್ಳಗೆ ಹರವಿ, ಎಮ್ಮೆಯನ್ನು ಬಿಚ್ಚಿಕೊಂಡು ಬರಲು ಮೊಮ್ಮಗನನ್ನು ಕಳಿಸಿದರು.